ನೇರ ಸುದ್ದಿ ಬೇಡವೆಂದವರು ಯಾರು?



ಅಬ್ಬರವಿಲ್ಲದ ಸುದ್ದಿಯನ್ನು ಟಿವಿ ಮುಂದೆ ಕೂತು ನೋಡುವವರೇ ಇಲ್ಲ, ಅದಕ್ಕೇ ವಾಹಿನಿಗಳು ಜಗಳ, ಜ್ಯೋತಿಷ್ಯ, ಸಿನಿಮಾ ಮಂದಿಯ ಮನೆವಾರ್ತೆಗೆ ಮೊರೆಹೋಗುತ್ತವೆ ಎಂಬ ಮಾತನ್ನು ಪದೇ ಪದೇ ಓದುತ್ತಿದ್ದೇನೆ. ತಪ್ಪನ್ನೆಲ್ಲ ನೋಡುಗನ ತಲೆಗೆ ಕಟ್ಟುವ ಈ ವಾದವನ್ನು ಮಹಾರಾಷ್ಟ್ರದ ಅಕ್ಕಲಕೋಟೆಯಲ್ಲಿ ಕೂತು ಕನ್ನಡ ಸುದ್ದಿ ನೋಡುವ ನಾನು ಒಪ್ಪಲಾರೆ.

2020ರ ಅಕ್ಟೋಬರ್ ಮಧ್ಯದಲ್ಲಿ ಸೊಲ್ಲಾಪುರ ಜಿಲ್ಲೆಯಲ್ಲಿ ಮಳೆ ಹುಯ್ದ ರೀತಿ ಇಲ್ಲಿನ ಯಾರಿಗೂ ಮರೆತಿಲ್ಲ. ಉಜನಿ ಅಣೆಕಟ್ಟೆಯಿಂದ ಬಿಟ್ಟ ನೀರು ಭೀಮೆಯಲ್ಲಿ, ಕುರನೂರ ಜಲಾಶಯ ತುಂಬಿ ಹರಿದ ನೀರು ಬೋರಿ ನದಿಯಲ್ಲಿ. ನಮ್ಮ ತಾಲೂಕಿನ ನದಿದಂಡೆಯ ಮನೆಗಳಿಗೂ ಹೊಲಗಳಿಗೂ ನೀರು ನುಗ್ಗಿತು. ರಾಜ್ಯದ ಗಡಿಯ ಆಚೆ ಅಫಜಲಪುರ, ಇಂಡಿ ಕಡೆ ನಮ್ಮ ಬೀಗರಿದ್ದಾರೆ, ಹೆಣ್ಣುಮಕ್ಕಳನ್ನು ಕೊಟ್ಟ ಊರುಗಳಿವೆ. ಇಂದು ರಾತ್ರಿ ಎಷ್ಟು ಕ್ಯುಸೆಕ್ ಬಿಡುತ್ತಾರೆ, ಯಾವ ಸೇತುವೆ ಮುಳುಗಿದೆ, ದನಕರು ಎಲ್ಲಿಗೆ ಹೊಡೆಯಬೇಕು, ನಮಗೆ ಬೇಕಾಗಿದ್ದದ್ದು ಇಷ್ಟು. ಕನ್ನಡ ವಾಹಿನಿ ಹಾಕಿದರೆ ನಾಲ್ಕು ಚೌಕದಲ್ಲಿ ನಾಲ್ವರು ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದಂತೆ ಕೂಗುತ್ತಿದ್ದರು. ಭೀಮಾ ತೀರದ ಪ್ರವಾಹ ಪರದೆಯ ಅಡಿಯಲ್ಲಿ ಒಂದು ಸಾಲಾಗಿ ಹರಿದು ಹೋಯಿತು. ಆ ಸಾಲು ಇನ್ನೊಮ್ಮೆ ಬರಲೆಂದು ಮನೆಮಂದಿಯೆಲ್ಲ ಕಾಯುತ್ತಾ ಕೂತೆವು. ಕೊನೆಗೆ ಅಫಜಲಪುರಕ್ಕೆ ಫೋನ್ ಹಚ್ಚಿ ಕೇಳಿದೆವು. ಹೀಗೆ ಕಾದು ಕೂತವರನ್ನು ಸುದ್ದಿ ಬೇಡದವರು ಎನ್ನಬಹುದೇ?

ಈ ಕೂಗಾಟಕ್ಕೆ ರೇಟಿಂಗ್ ಪೈಪೋಟಿಯೇ ಕಾರಣ ಎನ್ನುವವರೂ ಇದ್ದಾರೆ. ಆದರೆ ಪ್ರವಾಹದ ಅದೇ ವಾರ, ಅಕ್ಟೋಬರ್ 15ರಂದು, ಟಿಆರ್‌ಪಿ ಅಕ್ರಮದ ಆರೋಪ ಎದ್ದಿದ್ದರಿಂದ ಟಿವಿ ವೀಕ್ಷಣೆಯನ್ನು ಅಳೆಯುವ ಬಾರ್ಕ್ ಸಂಸ್ಥೆ ಸುದ್ದಿವಾಹಿನಿಗಳ ವಾರದ ರೇಟಿಂಗ್ ನಿಲ್ಲಿಸಿತು. ಮತ್ತೆ ಶುರುವಾದದ್ದು 2022ರ ಮಾರ್ಚ್‌ನಲ್ಲಿ. ಕೂಗಾಟಕ್ಕೆ ವಾರವಾರದ ರೇಟಿಂಗ್ ಒಂದೇ ಕಾರಣವಾಗಿದ್ದರೆ ಆ ಒಂದೂವರೆ ವರ್ಷದ ಹತ್ತಿರದ ಅವಧಿಯಲ್ಲಿ ಅದು ತಗ್ಗಬೇಕಿತ್ತು. ನಮ್ಮ ಮನೆಯ ಪರದೆಯಲ್ಲಂತೂ ತಗ್ಗಲಿಲ್ಲ. ನಿಜವಾದ ಕಾರಣ ಖರ್ಚು. ತಾಲೂಕಿಗೊಬ್ಬ ವರದಿಗಾರ, ಕ್ಯಾಮೆರಾ, ಗಾಡಿ ಇಡಲು ದುಡ್ಡು ಬೇಕು. ನಾಲ್ವರನ್ನು ಮಾತಿಗೆ ಕೂರಿಸಲು ಅಷ್ಟು ಬೇಡ. ಹೆಚ್ಚಿನ ಸುದ್ದಿವಾಹಿನಿಗಳು ನೋಡುಗನಿಂದ ಚಂದಾ ಪಡೆಯುವುದಿಲ್ಲ. ಕೇಬಲ್‌ನಲ್ಲಿ ಜಾಗ ಸಿಗಲು ತಾವೇ ದುಡ್ಡು ತೆರುವುದೂ ಉಂಟು. ಉಳಿದದ್ದು ಜಾಹೀರಾತು ಒಂದೇ. ಹೆಚ್ಚು ಕೂಗಾಡದ ಉದಯ ನ್ಯೂಸ್ 2017ರಲ್ಲಿ ಬಾಗಿಲು ಹಾಕಿತೆಂದು ಉದಾಹರಣೆ ಕೊಡುವವರು ಈ ಲೆಕ್ಕವನ್ನೂ ಜೊತೆಗೆ ಹೇಳಬೇಕು.

ನಮ್ಮ ಪಾಡು ಇನ್ನೂ ಕಷ್ಟದ್ದು. ಕನ್ನಡ ವಾಹಿನಿಗಳ ಮೇಲು-ಕೆಳಗು ನಿರ್ಧಾರವಾಗುವುದು ಬಾರ್ಕ್‌ನ ಕರ್ನಾಟಕ ಮಾರುಕಟ್ಟೆಯ ಅಂಕಿಗಳಿಂದ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕನ್ನಡ ಮನೆಗಳು ಮಹಾರಾಷ್ಟ್ರದ ಪಾಲಿಗೆ ಸೇರಿವೆ. ನಾವು ದಿನವಿಡೀ ಕನ್ನಡ ಸುದ್ದಿ ನೋಡಿದರೂ ಆ ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬಾರದವನ ಊರಿಗೆ ಯಾವ ವಾಹಿನಿ ಕ್ಯಾಮೆರಾ ಕಳಿಸೀತು?

ಕ್ಯಾಮೆರಾಗಳು ಬಂದದ್ದು 2022ರ ನವೆಂಬರ್-ಡಿಸೆಂಬರ್‌ನಲ್ಲಿ. ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡ ಪ್ರದೇಶ ಕರ್ನಾಟಕಕ್ಕೆ ಸೇರಬೇಕೆಂದು ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹೇಳಿದ ಮೇಲೆ, ಎರಡೂ ಕಡೆ ಬಸ್ಸುಗಳಿಗೆ ಮಸಿ ಬಿದ್ದಾಗ. ನಮ್ಮ ತಾಲೂಕಿನ ಕೆಲವು ಗ್ರಾಮ ಪಂಚಾಯಿತಿಗಳು ಕರ್ನಾಟಕಕ್ಕೆ ಸೇರುವ ಠರಾವು ಮಾಡಿದ್ದು ರಸ್ತೆ, ನೀರು, ಸೌಲಭ್ಯಗಳಿಲ್ಲವೆಂಬ ಸಂಕಟಕ್ಕೆ. ಮೈಕ್ ಹಿಡಿದವರು ಮಾತ್ರ ‘ಕರ್ನಾಟಕಕ್ಕೆ ಬರ್ತೀರೋ ಇಲ್ಲವೋ’ ಎಂಬುದೊಂದನ್ನೇ ಕೇಳಿದರು. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಮಾಸ್ತರರು ಎಷ್ಟು ಜನ, ಪುಸ್ತಕ ಯಾವಾಗ ಬರುತ್ತವೆ ಎಂದು ನನ್ನ ಕಿವಿಗೆ ಬಿದ್ದಂತೆ ಯಾರೂ ಕೇಳಲಿಲ್ಲ. ಗಲಾಟೆ ತಣ್ಣಗಾಯಿತು, ಅವರೂ ಹೋದರು.

ನೇರ ಸುದ್ದಿಗೆ ತನ್ನದೇ ತೊಡಕಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಏನೂ ನಡೆಯದ ದಿನ ಏಳು ಗಂಟೆಯ ಸುದ್ದಿಯೇ ಎಂಟಕ್ಕೂ ಬಂದರೆ ಜನ ಧಾರಾವಾಹಿಗೆ ಹೋಗುತ್ತಾರೆ. ರಾತ್ರಿ ಒಂಬತ್ತರ ಹೊತ್ತಿಗೆ ಮೊಬೈಲಿನಲ್ಲಿ ಎಲ್ಲವೂ ಬಂದಿರುತ್ತದೆ. ಆದರೆ ಇಪ್ಪತ್ನಾಲ್ಕು ಗಂಟೆ ತುಂಬಿಸಿ ಎಂದು ನಾವೇನು ಕೇಳಿದ್ದೆವೆ? ಕಲಬುರಗಿ ಆಕಾಶವಾಣಿಯ ಸುದ್ದಿಗೆ ನಮ್ಮ ಹಿರಿಯರು ದಶಕಗಳ ಕಾಲ ಕಿವಿಗೊಟ್ಟರು. ಅದು ಕೆಲವೇ ನಿಮಿಷಗಳದ್ದು, ಅದರಲ್ಲಿ ನಮ್ಮ ಸೀಮೆಯ ಹೆಸರು ಬರುತ್ತಿತ್ತು. ದೂರದರ್ಶನ ಚಂದನದ ವಾರ್ತೆಯೂ ಹೇಳುವುದನ್ನು ಹೇಳಿ ಮುಗಿಸುತ್ತದೆ; ಅದರಲ್ಲಿ ಈ ಭಾಗಕ್ಕೆ ಜಾಗ ಸಿಕ್ಕರೆ ನೋಡುವವರು ಖಂಡಿತ ಇದ್ದಾರೆ.

ಕನ್ನಡ ವಾಹಿನಿಗಳವರಲ್ಲಿ ನನ್ನ ವಿನಂತಿ ಇಷ್ಟೇ: ಸೊಲ್ಲಾಪುರದಲ್ಲಿ ಪೂರ್ಣಾವಧಿಯ ಒಬ್ಬ ವರದಿಗಾರನನ್ನು ಇಡಿ. ವಿಜಯಪುರ, ಕಲಬುರಗಿ, ಸೊಲ್ಲಾಪುರ ಸೇರಿಸಿ ಭೀಮಾ ತೀರಕ್ಕೆಂದೇ ಸಂಜೆ ಅರ್ಧ ಗಂಟೆ ಕೊಡಿ; ಮಳೆ, ಅಣೆಕಟ್ಟೆ, ತೊಗರಿ ದರ, ಶಾಲೆ, ರಸ್ತೆ ಅದರಲ್ಲಿರಲಿ. ಒಂದು ವರ್ಷ ನಡೆಸಿ ನೋಡಿ. ಗಡಿಯಾಚೆಯ ಕನ್ನಡ ಮನೆಗಳನ್ನೂ ಕನ್ನಡ ವಾಹಿನಿಗಳ ಲೆಕ್ಕಕ್ಕೆ ಸೇರಿಸುವಂತೆ ಬಾರ್ಕ್ ಮೇಲೆ ಒತ್ತಡ ತನ್ನಿ. ತಮ್ಮ ಪತ್ರಿಕೆಯೂ ಈ ಬೇಡಿಕೆಗೆ ದನಿಗೂಡಿಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ಅಕ್ಕಲಕೋಟೆ, ಸೊಲ್ಲಾಪುರ ಜಿಲ್ಲೆ