ಚಕ್ರಗಳಿಗೂ ಸರದಿ ಬೇಡವೇ?



ನಿಮ್ಮಲ್ಲಿ ಈಗ ಕಾರಿಲ್ಲದವರು ವಿರಳ. ಕಾರಿನ ಬಣ್ಣ, ಮೈಲೇಜು, ಸಂಗೀತದ ವ್ಯವಸ್ಥೆಗಳ ಕುರಿತು ಗಂಟೆಗಟ್ಟಲೆ ಮಾತನಾಡುವ ನೀವು, "ಟೈರುಗಳ ಸ್ಥಾನ ಬದಲಿಸಿ ಎಷ್ಟು ದಿನವಾಯಿತಪ್ಪಾ?" ಎಂದು ಕೇಳಿದೊಡನೆ ಮೌನ ತಾಳುತ್ತೀರಿ. "ಅದೆಲ್ಲ ಗ್ಯಾರೇಜಿನವರು ದುಡ್ಡು ಕೀಳುವ ಉಪಾಯ, ಸಾರ್" ಎಂದು ನಗುವವರೂ ಉಂಟು. ಆ ನಗೆಗೆ ಉತ್ತರವಾಗಿ ಈ ಬರಹ.

ನಮ್ಮ ರಸ್ತೆಗಳ ಬಹುತೇಕ ಸಣ್ಣ ಕಾರುಗಳಲ್ಲಿ ಎಂಜಿನ್ನಿನ ಭಾರ ಹೊರುವುದು, ಗಾಡಿಯನ್ನು ಎಳೆಯುವುದು, ತಿರುವಿನಲ್ಲಿ ದಿಕ್ಕು ಬದಲಿಸುವುದು, ಬ್ರೇಕು ಹಾಕಿದಾಗ ಹೆಚ್ಚಿನ ಒತ್ತಡ ತಡೆಯುವುದು, ಇವೆಲ್ಲವೂ ಮುಂದಿನ ಎರಡು ಚಕ್ರಗಳ ಪಾಲು. ಹಿಂದಿನವು ಕೇವಲ ಅನುಸರಿಸುತ್ತವೆ. ಹೀಗಿರುವಾಗ ನಾಲ್ಕೂ ಸಮನಾಗಿ ಸವೆಯಬೇಕೆಂದು ಬಯಸುವುದು, ತರಗತಿಯ ಇಬ್ಬರಿಂದಲೇ ವರ್ಷವಿಡೀ ಕಸ ಗುಡಿಸಿಸಿ ಎಲ್ಲರಿಗೂ ದಣಿವಾಗಲಿಲ್ಲವೇಕೆ ಎಂದು ಕೇಳಿದಂತೆ.

"ಮುಂದಿನವು ಸವೆದರೆ ಆ ಎರಡನ್ನೇ ಹೊಸದು ಹಾಕಿಸಿದರಾಯಿತು" ಎಂಬುದು ಇನ್ನೊಂದು ವಾದ. ಮೇಲ್ನೋಟಕ್ಕೆ ಇದು ಮಿತವ್ಯಯ. ಆದರೆ ಆಗ ಹಳೆಯ ಜೋಡಿ ಹಿಂದೆಯೇ ಉಳಿಯುತ್ತದೆ. ಆಗುಂಬೆಯ ಘಾಟಿಯಲ್ಲೋ ಶಿರಾಡಿಯಲ್ಲೋ ಜಡಿಮಳೆಯಲ್ಲಿ ಹಿಂದಿನ ಚಕ್ರಗಳು ಹಿಡಿತ ಕಳೆದುಕೊಂಡರೆ ಕಾರು ಗಿರಕಿ ಹೊಡೆಯುತ್ತದೆ. ಮುಂದಿನವು ಜಾರಿದರೆ ವೇಗ ತಗ್ಗಿಸಿ ಸಾವರಿಸಿಕೊಳ್ಳಬಹುದು, ಹಿಂದಿನವು ಜಾರಿದರೆ ಸಾಮಾನ್ಯ ಚಾಲಕನಿಗೆ ಅದು ಸುಲಭವಲ್ಲ. ಆದ್ದರಿಂದಲೇ ಎರಡೇ ಹೊಸ ಟೈರು ಕೊಂಡರೆ ಅವನ್ನು ಹಿಂದಕ್ಕೆ ಹಾಕಿರೆಂದು ತಯಾರಕರು ಹೇಳುವುದು.

"ಹಾಗಾದರೆ ಸವೆದ ಮುಂದಿನ ಟೈರನ್ನು ಹಿಂದಕ್ಕೆ ಕಳುಹಿಸುವುದೇಕೆ?" ಎಂದು ಚುರುಕಾದ ಶಿಷ್ಯನೊಬ್ಬ ಕೇಳಿಯಾನು. ಒಳ್ಳೆಯ ಪ್ರಶ್ನೆ. ವ್ಯತ್ಯಾಸ ಅತ್ಯಲ್ಪವಾಗಿರುವಾಗಲೇ ಬದಲಿಸಬೇಕು ಎಂಬುದೇ ಅದಕ್ಕೆ ಉತ್ತರ. ಸಾಮಾನ್ಯವಾಗಿ 8,000ದಿಂದ 10,000 ಕಿ.ಮೀ.ಗೊಮ್ಮೆ ಎಂಬುದು ರೂಢಿ, ಅಂತಿಮ ಮಾತು ಕಾರಿನ ಕೈಪಿಡಿಯದು. ವರ್ಷಗಟ್ಟಲೆ ಮರೆತು, ಮುಂದಿನವು ಬೋಳಾದ ಮೇಲೆ ಬದಲಿಸುವುದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ನಮ್ಮ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿನ ಟೈರಿನ ತೋಡು 1.6 ಮಿ.ಮೀ.ಗಿಂತ ಕಡಿಮೆಯಿರಕೂಡದು.

ಕ್ರಮವೂ ಕಷ್ಟದ್ದಲ್ಲ. ಮುಂದಿನ ಚಕ್ರಗಳು ಎಳೆಯುವ ಕಾರಿನಲ್ಲಿ ಮುಂದಿನವು ನೇರವಾಗಿ ಹಿಂದಕ್ಕೆ, ಹಿಂದಿನವು ಎಡಬಲ ಅದಲುಬದಲಾಗಿ ಮುಂದಕ್ಕೆ. ಹಿಂದಿನ ಚಕ್ರಗಳು ತಳ್ಳುವ ಗಾಡಿಯಲ್ಲಿ ಇದು ತಿರುಗುಮುರುಗು. ಟೈರಿನ ಮೇಲೆ ತಿರುಗುವ ದಿಕ್ಕಿನ ಬಾಣದ ಗುರುತಿದ್ದರೆ ಆಯಾ ಬದಿಯಲ್ಲೇ ಹಿಂದುಮುಂದು. ಸ್ಟೆಪ್ನಿಯೂ ಅದೇ ಅಳತೆಯದ್ದಾದರೆ ಅದನ್ನೂ ಸರದಿಗೆ ಸೇರಿಸಬಹುದು. ಈಚೆಗೆ ಕೊಡುವ ಸಪೂರ ಸ್ಟೆಪ್ನಿ ಇದಕ್ಕೆ ಸಲ್ಲದು. ಬದಲಿಸಿದ ಮೇಲೆ ಗಾಳಿಯ ಒತ್ತಡವನ್ನು ಆಯಾ ಸ್ಥಾನಕ್ಕೆ ತಕ್ಕಂತೆ ಸರಿಪಡಿಸಲೇಬೇಕು.

ಗ್ಯಾರೇಜಿನವರ ಮೇಲಿನ ನಿಮ್ಮ ಸಂಶಯ ಪೂರ್ಣ ಆಧಾರರಹಿತವೆಂದು ನಾನು ಹೇಳಲಾರೆ. ಬಿಲ್ಲಿನಲ್ಲಿ ಬರೆದ ಕೆಲಸ ಚಕ್ರದಲ್ಲಿ ಕಾಣದಿರುವುದುಂಟು. ಅದಕ್ಕೆ ಮದ್ದು ಕೆಲಸವನ್ನೇ ಬಿಡುವುದಲ್ಲ, ಪರೀಕ್ಷಿಸುವುದು. ಗಾಡಿ ಒಪ್ಪಿಸುವ ಮೊದಲು ಒಂದೊಂದು ಟೈರಿನ ಮೇಲೂ ಸೀಮೆಸುಣ್ಣದಿಂದ ಒಂದೊಂದು ಅಂಕಿ ಬರೆಯಿರಿ. ಮರಳಿ ಪಡೆಯುವಾಗ ಅಂಕಿ ಎಲ್ಲಿದೆಯೆಂದು ನೋಡಿರಿ. ಒಂದೇ ಅಂಚು ಸವೆದಿದ್ದರೆ ಸ್ಥಾನ ಬದಲಿಸುವುದರಿಂದ ದೋಷ ಹೋಗದು. ಅಲೈನ್‌ಮೆಂಟನ್ನೂ ಗಾಳಿಯನ್ನೂ ಮೊದಲು ನೋಡಿಸಿರಿ.

ವಿದ್ಯುತ್ ಕಾರು ಕೊಂಡವರಿಗೆ ಪ್ರತ್ಯೇಕ ಮಾತು. ಆಯಿಲ್ ಬದಲಿಸುವ ತಾಪತ್ರಯವಿಲ್ಲವೆಂದು ಗ್ಯಾರೇಜನ್ನೇ ಮರೆಯಬೇಡಿರಿ. ಬ್ಯಾಟರಿಯ ಭಾರದಿಂದ ಟೈರು ಬೇಗ ಸವೆಯುತ್ತದೆ.

ಸರದಿ ಬದಲಿಸಿದರೆ ರಬ್ಬರು ಹೆಚ್ಚುವುದಿಲ್ಲ ನಿಜ, ಇರುವ ರಬ್ಬರು ನ್ಯಾಯವಾಗಿ ಹಂಚಿಕೆಯಾಗುತ್ತದೆ. ವೃದ್ಧ ತಂದೆತಾಯಿಯರನ್ನೂ ಮಕ್ಕಳನ್ನೂ ಕೂರಿಸಿಕೊಂಡು ಹೊರಟ ಗಾಡಿ ನೆಲವನ್ನು ಮುಟ್ಟುವುದು ಅಂಗೈಯಗಲದ ನಾಲ್ಕು ತುಣುಕುಗಳಿಂದ ಮಾತ್ರ. ಮುಂದಿನ ಮಳೆಗಾಲಕ್ಕೆ ಮುಂಚೆ ಅವುಗಳತ್ತ ಒಮ್ಮೆ ಬಗ್ಗಿ ನೋಡಿರಿ.