ಫಾರ್ಮ್ಯಾಟ್ ಎಂಬ ಸರ್ವರೋಗ ನಿವಾರಣಿ

"ಫಾರ್ಮ್ಯಾಟ್ ಮಾಡ್ಬೇಕು ಸಾರ್, ಸಂಜೆ ಬನ್ನಿ."

ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಕಡೆಯವರಿಗೆ ಈ ಮಾತು ಬಾಯಿಪಾಠ ಆಗಿರಬೇಕು. ವೈರಸ್ ಬಂದ್ರೂ ಫಾರ್ಮ್ಯಾಟ್, ಸ್ಲೋ ಆದ್ರೂ ಫಾರ್ಮ್ಯಾಟ್. ಈಗ ಹೊಸ ಸೇರ್ಪಡೆ: "ಬ್ಲೂಟೂತ್ ಒಮ್ಮೆ ಇರ್ತದೆ, ಒಮ್ಮೆ ಇರೂದಿಲ್ಲ ಮಾರಾಯ್ರೆ" ಅಂದ್ರೂ ಫಾರ್ಮ್ಯಾಟ್. ಹಿಂದೆ ಜ್ವರ, ನೆಗಡಿ, ಹೊಟ್ಟೆನೋವು ಎಲ್ಲದಕ್ಕೂ ಮನೆಯಲ್ಲಿ ಒಂದೇ ಕಷಾಯ ಕುಡಿಸ್ತಿದ್ರಲ್ಲ, ಹಾಗೆ. ವ್ಯತ್ಯಾಸ ಏನಪ್ಪಾ ಅಂದ್ರೆ, ಕಷಾಯ ಕುಡಿದು ಯಾರ ಮನೆಯ ಫೋಟೋ ಆಲ್ಬಮ್ಮೂ ಅಳಿಸಿಹೋಗಿರಲಿಲ್ಲ!

ನನ್ನ ತಕರಾರು ಇಷ್ಟೇ. ಫಾರ್ಮ್ಯಾಟ್ ಅನ್ನೋದು ರಿಪೇರಿ ಅಲ್ಲ. ಕಾರಣ ಹುಡುಕಲು ಮನಸ್ಸಿಲ್ಲದಾಗ ಮಾಡುವ ಕೆಲಸ ಅದು. ಅದರಲ್ಲೂ ಆಗಾಗ ಬಂದು ಹೋಗುವ ತೊಂದರೆಗೆ ಅದು ಶುದ್ಧ ಮೋಸ. ಯಾಕೆ ಅಂತ ಹೇಳ್ತೀನಿ ಕೇಳಿ.

ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ವೈಫೈ ಮತ್ತು ಬ್ಲೂಟೂತ್ ಎರಡೂ ಒಂದೇ ಪುಟ್ಟ ಕಾರ್ಡಿನಲ್ಲಿ ಇರುತ್ತವೆ. ಆದರೆ ಬ್ಲೂಟೂತ್ ಭಾಗ ಸಾಮಾನ್ಯವಾಗಿ ಒಳಗಿನ ಯುಎಸ್‌ಬಿ ದಾರಿಯಲ್ಲಿ ಕೂತಿರುತ್ತದೆ, ನಾವು ಪೆನ್ ಡ್ರೈವ್ ಚುಚ್ಚುತ್ತೇವಲ್ಲ, ಅದೇ ಜಾತಿಯ ದಾರಿ. ಬ್ಯಾಟರಿ ಉಳಿಸಬೇಕು ಅಂತ ವಿಂಡೋಸ್ ಈ ಯುಎಸ್‌ಬಿ ಸಾಧನಗಳನ್ನು ಆಗಾಗ ಮಲಗಿಸುತ್ತದೆ. ಮಲಗಿದ್ದು ಏಳಬೇಕು. ಕೆಲವು ಕಾರ್ಡು, ಕೆಲವು ಡ್ರೈವರುಗಳ ಜೋಡಿಯಲ್ಲಿ ಅದು ಏಳುವುದೇ ಇಲ್ಲ! ಆಗ ಬ್ಲೂಟೂತ್ ಚಿಹ್ನೆಯೇ ಮಾಯ.

ಈಗ ನಮ್ಮ ಮಲೆನಾಡಿಗೆ ಬನ್ನಿ. ಜುಲೈ ತಿಂಗಳು, ಜಡಿಮಳೆ, ಎಲ್ಲೋ ಒಂದು ಮರ ಲೈನಿನ ಮೇಲೆ ಬಿತ್ತು, ಕರೆಂಟ್ ಹೋಯ್ತು. ಲ್ಯಾಪ್‌ಟಾಪ್ ಬ್ಯಾಟರಿಗೆ ಇಳಿಯಿತು. ಬ್ಯಾಟರಿಗೆ ಇಳಿದ ಕೂಡಲೇ ಉಳಿತಾಯದ ನಿಯಮಗಳು ಬಿಗಿಯಾದವು. ಜೊತೆಗೆ ವೈಫೈ ರೂಟರ್ ಕೂಡ ಆಫ್. ಹಾಗಾಗಿ ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡಿ ಲ್ಯಾಪ್‌ಟಾಪ್ ಪಕ್ಕದಲ್ಲೇ ಇಟ್ಟುಕೊಂಡ್ರಿ. ಆ ಹಾಟ್‌ಸ್ಪಾಟ್ ಎಷ್ಟೋ ಸಲ 2.4 ಗಿಗಾಹರ್ಟ್ಸ್‌ನಲ್ಲಿ ಇರುತ್ತದೆ. ಬ್ಲೂಟೂತ್ ಓಡಾಡುವುದೂ ಅಲ್ಲೇ. ಅದು ಅಲ್ಲಿನ 79 ಚಾನೆಲ್ಲುಗಳಲ್ಲಿ ಸೆಕೆಂಡಿಗೆ 1600 ಸಲ ಜಾಗ ಬದಲಿಸುತ್ತಾ ಗಲಾಟೆ ತಪ್ಪಿಸಿಕೊಳ್ಳಲು ನೋಡುತ್ತದೆ. ಗದ್ದಲ ಇರುವ ಚಾನೆಲ್ ಬಿಟ್ಟು ಉಳಿದದ್ದರಲ್ಲಿ ಹಾರುವ ಜಾಣ್ಮೆ 2003ರ 1.2 ಆವೃತ್ತಿಯಿಂದಲೇ ಇದೆ. ಆದರೂ ಒಂದೇ ಕಾರ್ಡಿನಲ್ಲಿ ವೈಫೈ ಭರ್ಜರಿಯಾಗಿ ಓಡುತ್ತಿದ್ದರೆ ಬ್ಲೂಟೂತ್ ಮಾತು ಕಡಿದು ಕಡಿದು ಬರುವುದು ಸಹಜ.

ಅಂದ್ರೆ ಇದು "ಹೇಗೆಂದರೆ ಹಾಗೆ" ಬರುವ ರೋಗ ಅಲ್ಲ. ಇದಕ್ಕೊಂದು ವೇಳಾಪಟ್ಟಿ ಇದೆ. ಅದು ನಮ್ಮ ಕರೆಂಟಿನ ವೇಳಾಪಟ್ಟಿ ಅಷ್ಟೇ!

ಇನ್ನು ಅಂಗಡಿಯಲ್ಲಿ ಏನಾಗುತ್ತೆ ನೋಡಿ. ಲ್ಯಾಪ್‌ಟಾಪ್ ಇಡೀ ದಿನ ಚಾರ್ಜರ್‌ಗೆ ಸಿಕ್ಕಿಸಿಕೊಂಡೇ ಇರುತ್ತದೆ. ಪಕ್ಕದಲ್ಲಿ ಹಾಟ್‌ಸ್ಪಾಟ್ ಇಲ್ಲ, ನಿಮ್ಮ ಹಾರ್ಡ್ ಡಿಸ್ಕ್ ಇಲ್ಲ. ಫಾರ್ಮ್ಯಾಟ್ ಮಾಡುವಾಗ ನಾಲ್ಕಾರು ಸಲ ರೀಸ್ಟಾರ್ಟ್ ಆಗುತ್ತದೆ. ಮಲಗಿದ್ದ ಕಾರ್ಡು ಎದ್ದು ಕೂರುತ್ತದೆ. "ನೋಡಿ, ಸರಿ ಆಯ್ತಲ್ಲ" ಅಂತ ಬಿಲ್ಲು ಕೈಗೆ ಬರುತ್ತದೆ. ಮನೆಗೆ ತಂದ ಮೇಲೆ ಒಂದು ಮಳೆ, ಒಂದು ಪವರ್ ಕಟ್... ಮತ್ತೆ ಅದೇ ಕಥೆ. ಯಾಕಂದ್ರೆ ಹೊಸದಾಗಿ ಹಾಕಿದ ವಿಂಡೋಸ್ ಕೂಡ ಅದೇ ಉಳಿತಾಯದ ನಿಯಮವನ್ನೇ ಹೊತ್ತು ಬಂದಿರುತ್ತದೆ.

ಇದರ ಬೆಲೆ ಎಷ್ಟು ಗೊತ್ತಾ? ನನ್ನ ಚಿಕ್ಕಪ್ಪನ ಮಗಳು ಕೊಪ್ಪದ ಹತ್ತಿರದ ಹಳ್ಳಿಯಿಂದಲೇ ಬೆಂಗಳೂರಿನ ಕೆಲಸ ಮಾಡ್ತಾಳೆ. ಮೀಟಿಂಗ್ ಮಧ್ಯೆ ಹೆಡ್‌ಸೆಟ್ ಕೈಕೊಡುತ್ತೆ ಅಂತ ಒಂದು ಅಂಗಡಿಗೆ ಕೊಟ್ಟಳು. "ಡಿ ಡ್ರೈವ್‌ನಲ್ಲಿರೋದು ಏನೂ ಹೋಗಲ್ಲ ಮೇಡಂ" ಅಂದರಂತೆ. ಆದರೆ ಅಜ್ಜಿ ಹಾಡಿದ ಹಸೆ ಹಾಡುಗಳ ರೆಕಾರ್ಡಿಂಗ್ ಇದ್ದದ್ದು ಡೆಸ್ಕ್‌ಟಾಪ್ ಮೇಲೆ, ಅಂದ್ರೆ ಸಿ ಡ್ರೈವ್‌ನಲ್ಲಿ. ಅಜ್ಜಿ ತೀರಿಕೊಂಡು ಎರಡು ವರ್ಷ. ಇನ್ನೊಮ್ಮೆ ಹಾಡಿಸೋಣ ಅಂದ್ರೆ ಯಾರನ್ನು ಕರೀತೀರಿ? ಹತ್ತು ದಿನಕ್ಕೆ ಬ್ಲೂಟೂತ್ ಮತ್ತೆ ಹೋಯ್ತು. "ಅಣ್ಣ, ಹಾಡೂ ಹೋಯ್ತು, ರೋಗವೂ ಹೋಗಲಿಲ್ಲ" ಅಂದಳು. ಆಮೇಲೆ ಒಂದು ವಾರ ನೋಟ್‌ಬುಕ್ಕಿನಲ್ಲಿ ಸಮಯ ಬರೆದಿಟ್ಟಳು. ತೊಂದರೆ ಬಂದದ್ದೆಲ್ಲ ಕರೆಂಟ್ ಇಲ್ಲದ ಹೊತ್ತಿನಲ್ಲೇ. ಒಂದು ಟಿಕ್ ತೆಗೆದದ್ದಕ್ಕೆ ಸರಿಹೋಯ್ತು.

"ಮಳೆಗಾಲ ಅಲ್ವಾ, ಥಂಡಿ ಹೊಡೆದಿದೆ" ಅನ್ನುವವರೂ ಇದ್ದಾರೆ. ಹತ್ತಡಿ ದೂರದ ಸಿಗ್ನಲ್ಲಿಗೆ ಗಾಳಿಯ ತೇವ ಲೆಕ್ಕಕ್ಕೇ ಇಲ್ಲ ಸ್ವಾಮಿ. ತೇವದಿಂದ ಕಾರ್ಡಿನ ಆಂಟೆನಾ ಕನೆಕ್ಟರಿಗೆ ಕಿಲುಬು ಹಿಡಿಯಬಹುದು, ಒಪ್ಪಿದೆ. ಆದರೆ ಕಿಲುಬು ಕರೆಂಟ್ ಬಂದ ಕೂಡಲೇ ತಾನಾಗಿ ಬಿಟ್ಟುಹೋಗುತ್ತದಾ?

ಹಾಗಾದ್ರೆ ಮಾಡಬೇಕಾದ್ದೇನು? ಮೊದಲ ಪ್ರಶ್ನೆ: ಬ್ಲೂಟೂತ್ ಚಿಹ್ನೆಯೇ ಮಾಯವಾಗುತ್ತಾ, ಅಥವಾ ಚಿಹ್ನೆ ಇದ್ದು ಸೌಂಡ್ ಮಾತ್ರ ಕಡಿಯುತ್ತಾ? ಅರ್ಧ ರೋಗ ಇಲ್ಲೇ ಪತ್ತೆ.

ಚಿಹ್ನೆಯೇ ಮಾಯವಾದರೆ ಅದು ವಿದ್ಯುತ್ತಿನದೋ ಡ್ರೈವರಿನದೋ ಕಾರ್ಡಿನದೋ ಸಮಸ್ಯೆ. ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಮಾಡಿ. ವಿಂಡೋಸ್ 8 ಬಂದ ಮೇಲೆ (2012) ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಮಾಮೂಲಿ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಅಲ್ಲ, ಅರೆನಿದ್ರೆ. ನಂತರ ಡಿವೈಸ್ ಮ್ಯಾನೇಜರ್‌ಗೆ ಹೋಗಿ, ಬ್ಲೂಟೂತ್ ಅಡಾಪ್ಟರ್‌ನ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಆರಿಸಬಹುದು ಎಂಬ ಟಿಕ್ ತೆಗೆಯಿರಿ. ಆ ಪುಟ ಕಾಣದಿದ್ದರೆ ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಹುಡುಕಿ. ಆಗಲೂ ಜಗ್ಗದಿದ್ದರೆ ಲ್ಯಾಪ್‌ಟಾಪ್ ತಯಾರಕರದೇ ಸೈಟಿನಿಂದ ಡ್ರೈವರ್ ಹಾಕಿ. ಅಪ್‌ಡೇಟ್ ಆದ ಮೇಲೇ ಶುರುವಾಗಿದ್ದರೆ ಹಳೆಯ ಡ್ರೈವರ್‌ಗೆ ಹಿಂದಿರುಗಿ.

ಸೌಂಡ್ ಮಾತ್ರ ಕಡಿದರೆ ಮೊದಲು ಅದೇ ಹೆಡ್‌ಸೆಟ್ಟನ್ನು ಮೊಬೈಲಿಗೆ ಹಾಕಿ ನೋಡಿ. ಅಲ್ಲೂ ಕಡಿದರೆ ಲ್ಯಾಪ್‌ಟಾಪ್ ಮೇಲೆ ಅನುಮಾನ ಬೇಡ. ಅಲ್ಲಿ ಸರಿ ಇದ್ದರೆ ಹಾಟ್‌ಸ್ಪಾಟನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ. ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಸಿಕ್ಕಿಸಿದಾಗ ಮಾತ್ರ ಕಡಿಯುತ್ತಾ? ಆ ಕೇಬಲ್ಲು ಸೂಸುವ ಗದ್ದಲ 2.4 ಗಿಗಾಹರ್ಟ್ಸ್‌ಗೆ ಅಡ್ಡ ಬರುತ್ತದೆ ಅಂತ ಇಂಟೆಲ್ ಕಂಪನಿಯೇ 2012ರಲ್ಲಿ ಬರೆದು ಪ್ರಕಟಿಸಿದೆ. ಡಿಸ್ಕನ್ನು ಇನ್ನೊಂದು ಬದಿಗೆ ಸಿಕ್ಕಿಸಿ, ಸ್ವಲ್ಪ ದೂರ ಇಡಿ. ಇದಕ್ಕೆಲ್ಲ ಎಷ್ಟು ಖರ್ಚು? ಸೊನ್ನೆ.

ಕೊನೆಗೆ ಕಾರ್ಡೇ ಸತ್ತಿದ್ದರೆ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಅದನ್ನು ಬದಲಿಸಬಹುದು. ಬೋರ್ಡಿಗೇ ಬೆಸೆದಿದ್ದರೆ ಕೆಲವು ನೂರು ರೂಪಾಯಿಯ ಯುಎಸ್‌ಬಿ ಡಾಂಗಲ್ ಇದೆ. "ಹಳೇದಾಯ್ತು, ಹೊಸದು ತಗೊಳ್ಳಿ" ಅನ್ನುವವರಿಗೆ ಈಗ ಇನ್ನೊಂದು ನೆಪವೂ ಸಿಕ್ಕಿದೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿದದ್ದು. ಆದರೆ ಅದಕ್ಕೂ ನಿಮ್ಮ ಹೆಡ್‌ಸೆಟ್ ಕಡಿಯುವುದಕ್ಕೂ ಸಂಬಂಧ ತೋರಿಸಿ ಅಂತ ಕೇಳಿ. ರಿಪೇರಿ ಗ್ರಾಹಕನ ಹಕ್ಕು ಅಂತ ಕೇಂದ್ರ ಸರ್ಕಾರವೇ 2022ರಲ್ಲಿ ಪೋರ್ಟಲ್ ಮಾಡಿತು. ಆದರೆ ಕಾರಣ ಕೇಳುವ ಗ್ರಾಹಕ ಇಲ್ಲದಿದ್ದರೆ ಆ ಹಕ್ಕು ಇಟ್ಟುಕೊಂಡು ಎಂತ ಮಾಡೂದು?

ಕಾರಣ ಹುಡುಕುವುದು ನಮ್ಮ ಕಡೆಗೆ ಹೊಸದೇನಲ್ಲ. ಅಡಿಕೆಯ ಕೊಳೆರೋಗವನ್ನೂ ಮಳೆಯ ಮೇಲೆ ಹಾಕಿ ಕೈಕಟ್ಟಿ ಕೂರಬಹುದಿತ್ತು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದಕ್ಕೆ ಕಾರಣ ಒಂದು ಶಿಲೀಂಧ್ರ ಅಂತ ತೋರಿಸಿ 1910ರಲ್ಲಿ ಬರೆದರು. ಇವತ್ತಿಗೂ ನಾವು ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ಹೊಡೆಯುವುದು ಆ ದಾರಿಯಲ್ಲೇ. ಕೊಳೆ ಬಂತು ಅಂತ ಯಾರೂ ತೋಟ ಕಡಿದು ಹೊಸ ಸಸಿ ನೆಡಲಿಲ್ಲ. ಹಳದಿ ಎಲೆ ರೋಗಕ್ಕೆ ಮದ್ದಿಲ್ಲ, ಸರಿ, ಆದರೆ ಮದ್ದಿಲ್ಲ ಅಂತ ನೇರವಾಗಿ ಹೇಳುತ್ತಾರೆ, ಸಂಜೆ ಬನ್ನಿ ಅನ್ನುವುದಿಲ್ಲ.

ಅಂಗಡಿ ಹುಡುಗನೊಬ್ಬನನ್ನೇ ಬೈದು ಪ್ರಯೋಜನ ಇಲ್ಲ ಬಿಡಿ. ಒಂದು ಗಂಟೆ ಕೂತು ಕಾರಣ ಹುಡುಕಿ, ಒಂದು ಟಿಕ್ ತೆಗೆದು ಕೊಟ್ಟರೆ ನಾವು "ಇಷ್ಟಕ್ಕೆ ದುಡ್ಡಾ?" ಅಂತೀವಿ. ಫಾರ್ಮ್ಯಾಟ್ ಅಂದರೆ ತೆಪ್ಪಗೆ ಕೊಡ್ತೀವಿ. ಹೀಗಾದ್ರೆ ಅವನಾದರೂ ಯಾಕೆ ತಲೆ ಕೆಡಿಸಿಕೊಳ್ಳುತ್ತಾನೆ? ಕಾರಣ ಹುಡುಕಿದವನಿಗೆ ಫಾರ್ಮ್ಯಾಟಿಗಿಂತ ಹೆಚ್ಚು ಕೊಡಿ, ಖುಷಿಯಿಂದ ಕೊಡಿ.

ಮುಂದಿನ ಸಲ "ಫಾರ್ಮ್ಯಾಟ್ ಮಾಡ್ಬೇಕು" ಅಂದ್ರೆ ಒಂದೇ ಪ್ರಶ್ನೆ ಕೇಳಿ: "ಚಾರ್ಜರ್ ತೆಗೆದು, ಬ್ಯಾಟರಿ ಮೇಲೆ ಒಂದು ಗಂಟೆ ನೋಡಿದ್ರಾ?" ಇಲ್ಲ ಅಂತ ಉತ್ತರ ಬಂದ್ರೆ, ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕ್ಕೊಂಡು ಸೀದಾ ಮನೆಗೆ ಬನ್ನಿ.