‘ಧ್ಯಾನಸಂಗೀತ’ವೆಂಬ ಹಣೆಪಟ್ಟಿ

‘ಪೌರ್ವಾತ್ಯ ಅಧ್ಯಾತ್ಮ ಪರಂಪರೆಗಳಿಂದ ಪ್ರೇರಿತವಾದ ಧ್ಯಾನಸಂಗೀತ’ ಎಂಬ ಹಣೆಪಟ್ಟಿ ಹೊತ್ತ ಧ್ವನಿಮುದ್ರಿಕೆಗಳು ಅರುವತ್ತು ವರ್ಷಗಳಿಂದ ಬರುತ್ತಿವೆ. ಅವುಗಳಲ್ಲಿ ಹಿತವಾದವು ಹಲವು; ಕೆಲವು ನಿಜಕ್ಕೂ ಪ್ರತಿಭಾವಂತರ ಕೃತಿಗಳು. ನನ್ನ ತಕರಾರು ಇರುವುದು ಹಣೆಪಟ್ಟಿಯ ಮೇಲೆ. ಪಶ್ಚಿಮದ ಮಾರುಕಟ್ಟೆ ಅಂಟಿಸಿದ ಈ ಹೆಸರು ಈಗ ನಮ್ಮಲ್ಲಿಗೇ ಮರಳಿ ಬಂದು ಪರಿಭಾಷೆಯ ಪೀಠವನ್ನು ಏರಿದೆ. ಈಚಿನ ಕೆಲವು ಬರಹಗಳಲ್ಲಿ ನಾದ, ಅನಾಹತ, ಧ್ಯಾನ ಎಂಬ ಶಬ್ದಗಳು ಶಾಸ್ತ್ರಾರ್ಥವನ್ನು ಕಳಚಿಕೊಂಡು, ಆ ಮುದ್ರಿಕೆಗಳ ಹೊದಿಕೆಯ ಮೇಲಿನ ಅರ್ಥದಲ್ಲೇ ಪ್ರಯೋಗವಾಗುತ್ತಿವೆ. ಹೀಗೆ ಓದಿದರೆ ನಮ್ಮ ಪ್ರಾಚೀನ ಕಾವ್ಯದಲ್ಲಿ ಬರುವ ‘ನಾದ’ವೂ ನಾಳೆ ನಿದ್ರೆಗೆ ಪೂರಕವಾದ ಹಿನ್ನೆಲೆಯ ಸದ್ದಾಗಿಬಿಡುತ್ತದೆ.

ಅಮೆರಿಕದ ಜಾಸ್ ಕ್ಲಾರಿನೆಟ್ ವಾದಕ ಟೋನಿ ಸ್ಕಾಟ್ 1964ರಲ್ಲಿ ಟೋಕಿಯೋದಲ್ಲಿ ಶಾಕುಹಾಚಿ ಮತ್ತು ಕೊಟೊ ವಾದಕರಿಬ್ಬರೊಡನೆ ನುಡಿಸಿದ ‘ಮ್ಯೂಸಿಕ್ ಫಾರ್ ಝೆನ್ ಮೆಡಿಟೇಷನ್’ ಈ ಸಾಲಿನ ಮೊದಲಿನವುಗಳಲ್ಲಿ ಒಂದು. ಸುಂದರವಾದ ಸಹವಾದನ. ಆದರೆ ಝೆನ್ ಧ್ಯಾನಮಂದಿರದಲ್ಲಿ ಕೊಟೊಗೆ ಸ್ಥಾನವಿಲ್ಲ. ಅದು ಅರಮನೆಯಲ್ಲಿ ಹುಟ್ಟಿ, ಎಡೋ ಕಾಲದಲ್ಲಿ ಅಂಧ ಸಂಗೀತಗಾರರ ಸಂಘದ ಕೈಯಲ್ಲಿ ಬೆಳೆದ ವಾದ್ಯ. ಧ್ಯಾನಕ್ಕೆ ಕುಳಿತವರ ಅವಧಿಯ ಮೊದಲು ಕೊನೆಗಳನ್ನು ಅಲ್ಲಿ ಗಂಟೆ ಸೂಚಿಸುತ್ತದೆ. ನಡುವೆ ಇರುವುದು ಮೌನ. ಶಾಕುಹಾಚಿಗೆ ಮಾತ್ರ ಝೆನ್ ಸಂಬಂಧ ಉಂಟು. ಬಿದಿರಿನ ಬುಟ್ಟಿಯಂಥ ಟೊಪ್ಪಿಗೆಯಲ್ಲಿ ಮುಖ ಮುಚ್ಚಿಕೊಂಡು ಅಲೆಯುತ್ತಿದ್ದ ಫುಕೆ ಪಂಥದ ಭಿಕ್ಷುಗಳು ಅದನ್ನು ಉಸಿರಿನ ಸಾಧನೆಯಾಗಿ ನುಡಿಸುತ್ತಿದ್ದರು. 1871ರಲ್ಲಿ ಮೇಜಿ ಸರ್ಕಾರ ಆ ಪಂಥವನ್ನೇ ರದ್ದುಗೊಳಿಸಿತು. ಇಲ್ಲೊಂದು ಸೂಕ್ಷ್ಮವಿದೆ. ಆ ಪರಂಪರೆಯಲ್ಲಿ ಸಾಧನೆ ಊದುವವನದು, ಕೇಳುವವನದಲ್ಲ. ಧ್ವನಿಮುದ್ರಿಕೆಯಾದರೋ ಸಾಧನೆಯನ್ನು ಕೊಳ್ಳುವವನ ಹೆಸರಿಗೆ ಜಮೆ ಮಾಡುತ್ತದೆ.

ಟಿಬೆಟಿನ ಕತೆ ಇನ್ನೂ ವಿಚಿತ್ರ. ಹೆನ್ರಿ ವುಲ್ಫ್ ಮತ್ತು ನ್ಯಾನ್ಸಿ ಹೆನ್ನಿಂಗ್ಸ್ ಅವರ ‘ಟಿಬೆಟನ್ ಬೆಲ್ಸ್’ ಬಂದ 1972ರ ನಂತರ, ಅಂಚನ್ನು ಉಜ್ಜಿ ಮೊಳಗಿಸುವ ಲೋಹದ ಬಟ್ಟಲು ಟಿಬೆಟಿನ ಪ್ರಾಚೀನ ಧ್ಯಾನಸಾಧನವೆಂದು ಲೋಕವಿಖ್ಯಾತವಾಯಿತು. ಟಿಬೆಟಿನ ಮಠಗಳ ನಿಜವಾದ ಸಂಗೀತವನ್ನು ಕೇಳಿದವರಿಗೆ ಗೊತ್ತು: ಆಳುದ್ದ ಮೀರಿದ ದುಂಗ್‌ಚೆನ್ ಕಹಳೆಗಳು, ರೋಲ್ಮೊ ತಾಳಗಳು, ನಗಾರಿಗಳು. ಅದು ಮಲಗಿಸುವ ಸಂಗೀತವಲ್ಲ, ಬೆಚ್ಚಿಬೀಳಿಸುವ ಸಂಗೀತ. (ಮುಮ್ತಾಜಳ ಗೋರಿಯಾದ ತಾಜಮಹಲಿನ ಗುಮ್ಮಟದ ಕೆಳಗೆ ಪಾಲ್ ಹಾರ್ನ್ 1968ರಲ್ಲಿ ಕೊಳಲು ನುಡಿಸಿದ್ದೂ ಧ್ಯಾನಸಂಗೀತದ ಲೆಕ್ಕಕ್ಕೇ ಸೇರಿದೆ. ಗುಮ್ಮಟದ ಅನುರಣನ ಅದ್ಭುತವೇ; ಅನುರಣನಕ್ಕೆ ಮತವಿಲ್ಲ.) 432 ಹರ್ಟ್ಸ್ ಎಂಬ ‘ಪ್ರಾಚೀನ ಭಾರತೀಯ ಕಂಪನಾಂಕ’ದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಮ್ಮ ಸಂಗೀತದಲ್ಲಿ ಷಡ್ಜ ಸ್ಥಿರ ಸಂಖ್ಯೆಯಲ್ಲ. ಹಾಡುವವರ ಕಂಠವೇ ಅದನ್ನು ನಿರ್ಧರಿಸುತ್ತದೆ.

ಈಗ ಶಾಸ್ತ್ರಕ್ಕೆ ಬರೋಣ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ಅರಸ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವ ‘ಸಂಗೀತರತ್ನಾಕರ’ದಲ್ಲಿ ಆಹತ, ಅನಾಹತ ಎಂದು ನಾದವನ್ನು ಎರಡಾಗಿ ವಿಂಗಡಿಸುತ್ತಾನೆ. ಅನಾಹತವನ್ನು ಮುನಿಗಳು ಗುರೂಪದಿಷ್ಟ ಮಾರ್ಗದಿಂದ ಉಪಾಸಿಸುತ್ತಾರೆ. ಅದರಲ್ಲಿ ರಕ್ತಿಗುಣವಿಲ್ಲವಾದ್ದರಿಂದ ಜನರ ಮನಸ್ಸನ್ನು ಅದು ರಂಜಿಸದು ಎಂಬುದು ಅವನ ಸ್ಪಷ್ಟ ಅಭಿಪ್ರಾಯ. ಆದ್ದರಿಂದಲೇ ಅವನು ಆಹತನಾದದ ಶಾಸ್ತ್ರವನ್ನು ಬರೆಯಲು ಹೊರಡುತ್ತಾನೆ. ಶಾರ್ಙ್ಗದೇವ ವೃತ್ತಿಯಿಂದ ಕರಣಾಧಿಕಾರಿ. ಒಂದು ಬಾಬತ್ತಿನದನ್ನು ಇನ್ನೊಂದಕ್ಕೆ ಬರೆಯುವವನಲ್ಲ. ಇಂದು ‘ಅನಾಹತ’ವೆಂಬ ಹೆಸರಿನಲ್ಲಿ ಯಾವುದನ್ನು ಕೇಳಿಸುತ್ತಾರೋ ಅದು ಯಂತ್ರದಿಂದಲೋ ಬಟ್ಟಲಿನಿಂದಲೋ ಹುಟ್ಟಿದ್ದು, ಕಿವಿಗೆ ರಂಜಕವಾದುದು, ಅಂದರೆ ಎರಡು ಲಕ್ಷಣಗಳಿಂದಲೂ ಆಹತ. ದಿಗಂಬರ ಜೈನ ಲಾಕ್ಷಣಿಕ ಪಾರ್ಶ್ವದೇವನ ‘ಸಂಗೀತಸಮಯಸಾರ’ವನ್ನೂ ನೋಡಬಹುದು. ಹೆಸರು ಕುಂದಕುಂದರ ಅಧ್ಯಾತ್ಮಗ್ರಂಥವನ್ನು ನೆನಪಿಸುತ್ತದೆ. ಒಳಗಿರುವುದು ಆಲಪ್ತಿ, ಠಾಯ, ಪ್ರಬಂಧ, ವಾದ್ಯ, ನೃತ್ಯ, ತಾಳ. ದೇಶೀ ಸಂಗೀತವನ್ನು ದೇಶೀ ಸಂಗೀತವೆಂದೇ ನಿರೂಪಿಸಲು ಅವನಿಗೆ ಸಂಕೋಚವಿರಲಿಲ್ಲ.

ಧ್ಯಾನವೆಂಬ ಮಾತಿಗೂ ಹೀಗೆಯೇ ಗಡಿಯುಂಟು. ಉಮಾಸ್ವಾಮಿಗಳ ‘ತತ್ತ್ವಾರ್ಥಸೂತ್ರ’ದ ಒಂಬತ್ತನೆಯ ಅಧ್ಯಾಯ ಚಿತ್ತವನ್ನು ಒಂದೇ ವಿಷಯದಲ್ಲಿ ತಡೆದು ನಿಲ್ಲಿಸುವುದನ್ನು ಧ್ಯಾನವೆಂದು ಕರೆದು, ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು ನಾಲ್ಕು ಬಗೆ ಮಾಡುತ್ತದೆ. ಕೊನೆಯ ಎರಡು ಮಾತ್ರ ಮೋಕ್ಷಹೇತು. ಅಪ್ರಿಯವಾದುದು ತೊಲಗಲಿ, ಪ್ರಿಯವಾದುದು ದೊರೆಯಲಿ, ನೋವು ನೀಗಲಿ ಎಂದು ಮನಸ್ಸು ಮತ್ತೆ ಮತ್ತೆ ಚಿಂತಿಸುವುದು ಆರ್ತಧ್ಯಾನ. ಒತ್ತಡ ಹೋಗುತ್ತದೆ, ಸುಖ ಬರುತ್ತದೆ, ತಲೆನೋವು ಇಳಿಯುತ್ತದೆ ಎಂಬುದಷ್ಟೆ ಈ ಮುದ್ರಿಕೆಗಳ ಭರವಸೆಯಾದರೆ, ಶಾಸ್ತ್ರದ ಪ್ರಕಾರ ಅವು ಯಾವ ಧ್ಯಾನಕ್ಕೆ ಸಹಾಯಕ ಎಂಬುದನ್ನು ಓದುಗರೇ ಊಹಿಸಬಹುದು.

ಬ್ರಯಾನ್ ಈನೋ ಈ ವಿಷಯದಲ್ಲಿ ಪ್ರಾಮಾಣಿಕ. ‘ಆ್ಯಂಬಿಯೆಂಟ್’ ಎಂಬ ಹೆಸರಿಗೆ ಅರ್ಥ ಕೊಟ್ಟ ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ಗೆ 1978ರಲ್ಲಿ ಅವರು ಬರೆದ ಟಿಪ್ಪಣಿಯ ತಾತ್ಪರ್ಯ ಇಷ್ಟು: ಈ ಸಂಗೀತ ಯಾವುದೇ ಒಂದು ಬಗೆಯ ಅವಧಾನವನ್ನು ಒತ್ತಾಯಿಸಬಾರದು, ಆಸಕ್ತಿಯಿಂದ ಕೇಳಲೂ ಬರಬೇಕು, ಅಷ್ಟೇ ಸಲೀಸಾಗಿ ಉಪೇಕ್ಷಿಸಲೂ ಬರಬೇಕು. ವಿಮಾನನಿಲ್ದಾಣಕ್ಕೆ ಹೇಳಿಮಾಡಿಸಿದ ಮಾತು. ಅದರ ಮೇಲೆ ‘ಧ್ಯಾನ’ವೆಂದು ಬರೆದವರು ಮಾತ್ರ, ಉಪೇಕ್ಷೆಗೆ ಅವಕಾಶ ನೀಡುವ ಕಲೆಗೂ ಅವಧಾನವೇ ಪ್ರಾಣವಾದ ಸಾಧನೆಗೂ ಒಂದೇ ಹೆಸರಿಟ್ಟರು.

ಕನ್ನಡಿಗರು ನಿಂತು ನೋಡಬೇಕಾದ ಪ್ರಕರಣ ಪಂಡಿತ್ ಪ್ರಾಣನಾಥರದು. 1918ರಲ್ಲಿ ಲಾಹೋರಿನಲ್ಲಿ ಜನಿಸಿದ ಅವರು ಕಿರಾನಾ ಘರಾಣೆಯ ಅಬ್ದುಲ್ ವಹೀದ್ ಖಾನರ ಶಿಷ್ಯರು. ಅದೇ ಘರಾಣೆಯ ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೂ, ಅವರಿಂದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರಿಗೂ ಹರಿದುಬಂದ ಧಾರೆ ನಮ್ಮದು. ಪ್ರಾಣನಾಥರದು ಅದರ ಪಕ್ಕದ ಕೊಂಬೆ. 1970ರಲ್ಲಿ ಅವರು ನ್ಯೂಯಾರ್ಕಿಗೆ ಹೋದರು. ಲಾ ಮಾಂಟ್ ಯಂಗ್, ಮೇರಿಯನ್ ಝಜೀಲಾ, ಟೆರ್ರಿ ರೈಲಿ ಅವರಲ್ಲಿ ಕಲಿತರು. ಮುಂದೆ ಈನೋ ಜೊತೆ 1980ರಲ್ಲಿ ‘ಪಾಸಿಬಲ್ ಮ್ಯೂಸಿಕ್ಸ್’ ರಚಿಸಿದ ತುತ್ತೂರಿ ವಾದಕ ಜಾನ್ ಹ್ಯಾಸೆಲ್ ಕೂಡ ಅವರ ವಿದ್ಯಾರ್ಥಿ. ಈ ಶಿಷ್ಯರನ್ನು ನಾನು ದೂರುವುದಿಲ್ಲ. ತಂಬೂರಿ ಮೀಟುವುದರಿಂದ ತೊಡಗಿ ವರ್ಷಗಟ್ಟಲೆ ದುಡಿದವರು, ಗುರುವಿನ ಹೆಸರನ್ನು ಮರೆಯದವರು. ಯಂಗ್ ಮತ್ತು ಝಜೀಲಾ ಗುರುವಿನ ತಂಬೂರಿಗಳ ನಾದವನ್ನಷ್ಟೆ ಮುದ್ರಿಸಿ ಹೊರತಂದಾಗಲೂ ಅದಕ್ಕೆ ‘ಪಂಡಿತ್ ಪ್ರಾಣನಾಥರ ತಂಬೂರಿಗಳು’ ಎಂಬ ಅರ್ಥದ ಹೆಸರನ್ನೇ ಇಟ್ಟರು. ಆದರೆ 1968ರಲ್ಲೇ ಪ್ರಕಾಶಕರು ಅವರ ಗಾಯನವನ್ನು ‘ಅರ್ತ್ ಗ್ರೂವ್: ದಿ ವಾಯ್ಸ್ ಆಫ್ ಕಾಸ್ಮಿಕ್ ಇಂಡಿಯಾ’ ಎಂಬ ಶೀರ್ಷಿಕೆಯಲ್ಲಿ ಮಾರಿದ್ದರು. ಒಳಗಿದ್ದುದು ಭೂಪಾಲಿ ಮತ್ತು ಅಸಾವರಿ. ರಾಗಕ್ಕೆ ಹೆಸರಿದೆ, ಹೊತ್ತಿದೆ, ಆರೋಹ ಅವರೋಹಗಳಿವೆ, ಕಲಿಸಿದ ಉಸ್ತಾದರಿದ್ದಾರೆ. ‘ಬ್ರಹ್ಮಾಂಡ ಭಾರತ’ಕ್ಕೆ ಇವಾವುವೂ ಇಲ್ಲ.

ಮುಂದಿನ ದಶಕಗಳಲ್ಲಿ ನಡೆದದ್ದು ಒಂದು ವ್ಯವಕಲನ. ಮೊದಲು ಸಾಹಿತ್ಯ ಹೋಯಿತು, ಆಮೇಲೆ ತಾಳ, ಆಮೇಲೆ ರಾಗದ ವ್ಯಾಕರಣ, ಉಳಿದದ್ದು ಶ್ರುತಿ. ಗಾಯಕ ಯಾವುದರ ಮೇಲೆ ನಿಂತು ಹಾಡಬೇಕೋ ಆ ನೆಲವನ್ನೇ ಹಾಡೆಂದು ಕೊಟ್ಟರು. ಅದರಲ್ಲೂ ಒಂದು ಸೌಂದರ್ಯವಿದೆ, ಒಪ್ಪೋಣ. ಅದು ಇಪ್ಪತ್ತನೆಯ ಶತಮಾನದ ಅಮೆರಿಕದ ಸೌಂದರ್ಯಪ್ರಜ್ಞೆ. ಪೂರ್ವದ ಸನಾತನ ರಹಸ್ಯವೆಂದು ಅದನ್ನು ನಮಗೇ ಮರಳಿ ಮಾರುವುದು ಬೇರೆ ಮಾತು.

‘ಕೇಳುವವರಿಗೆ ಶಾಂತಿ ಸಿಕ್ಕರೆ ನಿಮಗೇನು ನಷ್ಟ?’ ಎಂದು ಕೇಳುವವರಿದ್ದಾರೆ. ಕೇಳುಗನಿಗೆ ನಷ್ಟವಿಲ್ಲ, ನಷ್ಟ ಸಂಶೋಧಕನದು. ಕನ್ನಡದಲ್ಲಿ ಕಿರಾನಾ ಘರಾಣೆಯ ವಂಶವೃಕ್ಷವನ್ನು ಬರೆಯುವವರು ಧಾರವಾಡ, ಹುಬ್ಬಳ್ಳಿ, ಕುಂದಗೋಳಗಳಿಗೆ ನಿಲ್ಲುವುದೇ ಹೆಚ್ಚು. 1996ರಲ್ಲಿ ಬರ್ಕ್ಲಿಯಲ್ಲಿ ತೀರಿಕೊಂಡ ಪ್ರಾಣನಾಥರೂ ಅವರ ಅಮೆರಿಕನ್ ಶಿಷ್ಯರೂ ಆ ಮರದಲ್ಲಿ ಹೆಸರು ಹಿಡಿದು ಸೇರಬೇಕು. ‘ಧ್ಯಾನಸಂಗೀತ’ವೆಂಬ ಬೇರೆ ಕಪಾಟಿನಲ್ಲಿ ಅವರನ್ನು ಇಟ್ಟಿರುವವರೆಗೆ ಆ ಕೊಂಬೆ ನಮ್ಮ ಕಣ್ಣಿಗೆ ಬೀಳುವಂತಿಲ್ಲ.